ಉಪ್ಪಿನ ದ್ವೀಪದ ಮೇಲೊಂದು ಮಹಾನಗರ: ಹಾರ್ಮುಜ್

ಭೂಪಟದಲ್ಲಿ ಅರಬ್ಬೀ ಸಮುದ್ರದ ವಾಯವ್ಯ ಮೂಲೆಯನ್ನು ನೋಡಿದರೆ, ಇರಾನಿಗೂ ಅರೇಬಿಯಕ್ಕೂ ನಡುವೆ ಒಳನುಗ್ಗಿದ ಪರ್ಷಿಯದ ಕೊಲ್ಲಿಯು ಕಾಣುವುದು. ಅದರ ಉದ್ದ ಸುಮಾರು 990 ಕಿಲೋಮೀಟರ್. ಸರಾಸರಿ ಆಳವಾದರೋ 35 ಮೀಟರಿನಷ್ಟು ಮಾತ್ರ. ಕೊಲ್ಲಿಯ ಬಾಯಿ ಒಂದೆಡೆ ಸುಮಾರು 39 ಕಿಲೋಮೀಟರ್ ಅಗಲಕ್ಕೆ ಕಿರಿದಾಗುತ್ತದೆ. ಅದೇ ಹಾರ್ಮುಜ್ ಜಲಸಂಧಿ. ಅದರ ಉತ್ತರಕ್ಕೆ, ಇರಾನಿನ ತೀರದ ಸಮೀಪದಲ್ಲಿ, ಸುಮಾರು 42 ಚದರ ಕಿಲೋಮೀಟರ್ ವಿಸ್ತಾರದ ಬರಡು ದ್ವೀಪವೊಂದುಂಟು. ಅಲ್ಲಿ ಹೇಳಿಕೊಳ್ಳುವಂಥ ಬೆಳೆಯಿಲ್ಲ. ಕುಡಿಯಲು ಸಾಕಷ್ಟು ಸಿಹಿನೀರೂ ಇಲ್ಲ. ಆದರೂ ಮೂರು ಶತಮಾನಗಳಿಗೂ ಮೀರಿ ಈ ದ್ವೀಪವು ಪೂರ್ವ ಪಶ್ಚಿಮಗಳ ವಾಣಿಜ್ಯದ ಕೀಲಿಕೈಯಾಗಿತ್ತು. ಇಂತಹ ನೆಲದಲ್ಲಿ ನಗರವು ಹೇಗೆ ಬೆಳೆಯಿತು, ಹೇಗೆ ಅಳಿಯಿತು ಎಂಬುದನ್ನು ಪರಿಶೀಲಿಸೋಣ.

ದ್ವೀಪದ ಹುಟ್ಟು

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಪ್ರದೇಶದಲ್ಲಿದ್ದ ಆಳವಿಲ್ಲದ ಸಮುದ್ರವು ಆವಿಯಾಗಿ ದಪ್ಪನಾದ ಉಪ್ಪಿನ ಪದರಗಳನ್ನು ಉಳಿಸಿತು. ಕಾಲಕ್ರಮದಲ್ಲಿ ಅವುಗಳ ಮೇಲೆ ಮರಳು, ಜೇಡಿ, ಸುಣ್ಣಗಲ್ಲುಗಳು ಸಂಚಯವಾದವು. ಮೇಲಿನ ಭಾರದಿಂದ ಜೇಡಿಯಂತಹ ಪದರಗಳು ಅಡಕವಾಗಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಉಪ್ಪು ಹಾಗೆ ಅಡಕವಾಗುವುದಿಲ್ಲ. ಒಂದು ಘನ ಸೆಂಟಿಮೀಟರ್ ಕಲ್ಲುಪ್ಪಿನ ತೂಕ ಸುಮಾರು 2.2 ಗ್ರಾಂ, ಅದರ ಮೇಲಿರುವ ಅಡಕವಾದ ಶಿಲೆಯದು 2.4 ಗ್ರಾಮಿಗೂ ಹೆಚ್ಚಾಗಬಹುದು. ಆದುದರಿಂದ ಹಗುರವಾದುದು ಕೆಳಗೂ ಭಾರವಾದುದು ಮೇಲೂ ಇರುವ ವಿಪರೀತ ಸ್ಥಿತಿ ಉಂಟಾಗುತ್ತದೆ.

ನೀರಿನ ತಳದಲ್ಲಿ ಬಿಟ್ಟ ಎಣ್ಣೆಯ ಹನಿ ಮೇಲಕ್ಕೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಉಪ್ಪು ಘನವಸ್ತುವಲ್ಲವೇ, ಅದು ಹರಿಯುವುದೆಂತು ಎಂದು ವಾಚಕರು ಕೇಳಬಹುದು. ಬಹುಕಾಲ ಒತ್ತಡಕ್ಕೆ ಸಿಕ್ಕಿದ ಉಪ್ಪು ಅರಗಿನಂತೆ ಅತಿ ನಿಧಾನವಾಗಿ ಹರಿಯಬಲ್ಲದು. ಹೀಗೆ ಏರಿಬಂದ ಉಪ್ಪು ಮೇಲಿನ ಸ್ತರಗಳನ್ನು ಭೇದಿಸಿ ಗುಮ್ಮಟದಂತೆ ತಲೆಯೆತ್ತುತ್ತದೆ. ಹಾರ್ಮುಜ್ ದ್ವೀಪವೇ ಇಂತಹ ಒಂದು ಉಪ್ಪಿನ ಗುಮ್ಮಟ. ಉಪ್ಪಿನೊಡನೆ ಮೇಲೆ ಬಂದ ಕಬ್ಬಿಣದ ಆಕ್ಸೈಡಿನಿಂದ ಅಲ್ಲಿನ ಮಣ್ಣು ಕಡುಗೆಂಪಾಗಿದೆ. ಚೀನಾದ ನಾವಿಕ ಜೆಂಗ್ ಹೆಯ ಪರಿವಾರದಲ್ಲಿದ್ದ ಮಾ ಹುವಾನ್, 15ನೆಯ ಶತಮಾನದಲ್ಲಿಯೇ ಇಲ್ಲಿನ ಉಪ್ಪು ಹಾಗೂ ಕೆಂಪು, ಬಿಳಿ, ಹಳದಿ ಮಣ್ಣುಗಳ ಬೆಟ್ಟವನ್ನು ವರ್ಣಿಸಿದ್ದಾನೆ.

ಗಾಳಿಯ ದಾರಿ

ಹಳೆಯ ಹಾರ್ಮುಜ್ ಇದ್ದುದು ದ್ವೀಪದಲ್ಲಲ್ಲ, ಎದುರಿನ ತೀರದಲ್ಲಿ, ಮಿನಾಬಿನ ಸಮೀಪ. ಮಾರ್ಕೊ ಪೋಲೊ ಕಂಡದ್ದು ಅದನ್ನೇ. ದಾಳಿಗಳಿಗೆ ಬೇಸತ್ತ ಅರಸರು 1300ರ ಸುಮಾರಿಗೆ ರಾಜಧಾನಿಯನ್ನು ದ್ವೀಪಕ್ಕೆ ಸ್ಥಳಾಂತರಿಸಿದರು. ಕುದುರೆ ಸವಾರರು ಸಮುದ್ರವನ್ನು ದಾಟಲಾರರು. ಹೀಗೆ ರಕ್ಷಣೆಯೇನೋ ದೊರೆಯಿತು. ಆದರೆ ಹೊಲಗಳೂ ನದಿಯೂ ಆಚೆಯ ದಡದಲ್ಲಿಯೇ ಉಳಿದವು.

ಬೇಸಗೆಯಲ್ಲಿ ಏಷ್ಯಾದ ನೆಲವು ಸಮುದ್ರಕ್ಕಿಂತ ಬೇಗ ಕಾಯುವುದರಿಂದ ನೈರುತ್ಯದ ಗಾಳಿಯು ನೆಲದತ್ತ ಬೀಸುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿಯು ಸಮುದ್ರದತ್ತ ಬೀಸುತ್ತದೆ. ಹಾಯಿಹಡಗುಗಳು ನೈರುತ್ಯ ಮಾರುತದ ಆರಂಭದಲ್ಲಾಗಲಿ ಅಂತ್ಯದಲ್ಲಾಗಲಿ ಭಾರತಕ್ಕೆ ಬಂದು, ಈಶಾನ್ಯ ಮಾರುತದಲ್ಲಿ ಹಿಂದಿರುಗುತ್ತಿದ್ದವು. ಮುಂಗಾರು ಬಲಿತ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ತೀರವನ್ನು ಸೇರುವುದು ಅಪಾಯಕರವಾಗಿತ್ತು. 1442ರಲ್ಲಿ ಷಾರುಖನ ರಾಯಭಾರಿ ಅಬ್ದುರ್ ರಜಾಕನು ಹಾರ್ಮುಜಿನಿಂದ ಹೊರಟಾಗ ಅನುಕೂಲ ಗಾಳಿಯ ಕಾಲ ಮೀರುತ್ತಿತ್ತು. ಆದ್ದರಿಂದ ಅವನು ಮಸ್ಕತ್ತಿನ ಬೇಗೆಯಲ್ಲಿ ಕಾಯಬೇಕಾಯಿತು. ಮುಂದೆ ಅವನು ಕಲ್ಲಿಕೋಟೆಗೆ ಬಂದು, 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರವನ್ನು ಕಂಡನು.

ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಹಾರ್ಮುಜಿನಿಂದ ಭಟ್ಕಳ, ಹೊನ್ನಾವರ ಮುಂತಾದ ಬಂದರುಗಳಿಗೆ ಬರುತ್ತಿದ್ದವು. ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಕೂಡ ಅಲ್ಲಿಂದಲೇ ಒಂದು ಕುದುರೆಯೊಡನೆ ಹೊರಟು ಬೀದರಿಗೆ ಬಂದನು. ಇತ್ತಣಿಂದ ಮೆಣಸು, ಅಕ್ಕಿ, ಬಟ್ಟೆಗಳು ಅತ್ತ ಹೋಗುತ್ತಿದ್ದವು. ಗಾಳಿಗಾಗಿ ಕಾಯುವ ವರ್ತಕರಿಂದ ದ್ವೀಪದಲ್ಲಿ ಉಗ್ರಾಣಗಳೂ ಛತ್ರಗಳೂ ಸರಾಫಕಟ್ಟೆಗಳೂ ತುಂಬಿದವು.

ನೀರಿನ ಲೆಕ್ಕ

ಕಾಯುವವನಿಗೆ ಬಾಯಾರಿಕೆಯಾಗುತ್ತದೆ. ದ್ವೀಪದಲ್ಲಿ ಮಳೆ ಅತ್ಯಲ್ಪ. ಬಿದ್ದ ನೀರೂ ನೆಲದ ಉಪ್ಪನ್ನು ಕರಗಿಸಿಕೊಂಡು ಕೆಡುತ್ತದೆ. ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟರೂ ಸಾಲದು. ಆದುದರಿಂದ ನೆರೆಯ ಕೇಷ್ಮ್ ದ್ವೀಪದಿಂದಲೂ ತೀರದಿಂದಲೂ ದೋಣಿಗಳಲ್ಲಿ ನೀರು ಬರಬೇಕಾಗಿತ್ತು. ಒಂದು ಸರಳ ಲೆಕ್ಕವನ್ನು ಮಾಡೋಣ. ಹತ್ತು ಸಾವಿರ ಜನರಿದ್ದು, ತಲೆಗೆ ದಿನಕ್ಕೆ ನಾಲ್ಕೇ ಲೀಟರ್ ಎಂದಿಟ್ಟುಕೊಂಡರೂ 40,000 ಲೀಟರ್, ಅಂದರೆ 40 ಟನ್ ಭಾರ. ಇದು ದಿನವೂ ತಪ್ಪದೆ ಬರಬೇಕು. ಮೆಣಸಿನ ಹಡಗು ಒಂದು ತಿಂಗಳು ತಡವಾದರೆ ವರ್ತಕನಿಗೆ ನಷ್ಟ. ನೀರಿನ ದೋಣಿ ಒಂದು ವಾರ ತಡವಾದರೆ ನಗರಕ್ಕೇ ಕೇಡು.

ನಗರದ ಪತನ

1507ರಲ್ಲಿ ಮೊದಲು ದಾಳಿಮಾಡಿದ ಅಲ್ಬುಕರ್ಕನು 1515ರಲ್ಲಿ ಹಾರ್ಮುಜನ್ನು ಪೋರ್ಚುಗೀಸರ ಹತೋಟಿಗೆ ತಂದನು. ದ್ವೀಪದ ಉತ್ತರ ತುದಿಯಲ್ಲಿ ಅವರು ಕಟ್ಟಿದ ಕೋಟೆಯ ಅವಶೇಷವನ್ನು ಇಂದಿಗೂ ಕಾಣಬಹುದು. ಆದರೆ ಕೋಟೆಯೊಳಗೆ ಫಿರಂಗಿಗಳಿದ್ದರೂ ಬಾವಿಗಳು ಕೇಷ್ಮಿನಲ್ಲಿದ್ದವು. ಇದನ್ನರಿತ ಪೋರ್ಚುಗೀಸರು 1621ರಲ್ಲಿ ಅಲ್ಲಿಯೂ ಒಂದು ಕೋಟೆಯನ್ನು ಕಟ್ಟಿದರು. ಷಾ ಅಬ್ಬಾಸನ ಸೈನ್ಯವೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳೂ ಕೂಡಿ 1622ರ ಆರಂಭದಲ್ಲಿ ಮುತ್ತಿದ್ದು ಮೊದಲು ಆ ಕೋಟೆಯನ್ನೇ. ಉತ್ತರ ಧ್ರುವ ಸಮುದ್ರಗಳನ್ನು ಶೋಧಿಸಿದ್ದ ವಿಲಿಯಂ ಬ್ಯಾಫಿನ್, ಫಿರಂಗಿ ಗುರಿಗಾಗಿ ಆ ಕೋಟೆಗೋಡೆಯ ಎತ್ತರ ದೂರಗಳನ್ನು ಅಳೆಯುತ್ತಿದ್ದಾಗ ಗುಂಡೇಟಿನಿಂದ ಮಡಿದನು. ಕೇಷ್ಮ್ ಕೈಬಿಟ್ಟ ಮೇಲೆ ಹಾರ್ಮುಜಿನ ಮುತ್ತಿಗೆ ಎರಡು ತಿಂಗಳಿಗೂ ಮೀರಿ ನಡೆದು, ಅದೇ ವರ್ಷ ಕೋಟೆ ಶರಣಾಯಿತು. ವ್ಯಾಪಾರವು ಎದುರು ತೀರದ ಗೊಂಬ್ರೂನಿಗೆ ಸಾಗಿತು. ಅದಕ್ಕೆ ಬಂದರ್ ಅಬ್ಬಾಸ್ ಎಂಬ ಹೆಸರಾಯಿತು. ದ್ವೀಪದ ನಗರವು ಪಾಳುಬಿದ್ದಿತು.

ಜಲಸಂಧಿಯ ಮಹತ್ವ ಮಾತ್ರ ಕುಂದಲಿಲ್ಲ. 2024ರಲ್ಲಿ ದಿನಕ್ಕೆ ಸುಮಾರು ಎರಡು ಕೋಟಿ ಪೀಪಾಯಿ ಎಣ್ಣೆ ಅದರ ಮೂಲಕ ಸಾಗಿತು. ಕೊಲ್ಲಿಯ ತೀರದ ಇಂದಿನ ಹಲವು ನಗರಗಳೂ ಹಾರ್ಮುಜಿನಂತೆಯೇ ಸಿಹಿನೀರಿಲ್ಲದ ನೆಲದಲ್ಲಿ ನಿಂತಿವೆ. ಅವು ಕಡಲಿನ ನೀರನ್ನೇ ಸಿಹಿಮಾಡಿ ಕುಡಿಯುತ್ತವೆ. ಒಂದು ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 293 ಕಿಲೋಜೂಲ್ ಸಾಕು. ಆ ಕುದಿನೀರನ್ನು ಆವಿಯಾಗಿಸಲು ಸುಮಾರು 2260 ಕಿಲೋಜೂಲ್ ಬೇಕು. ಆವಿಯು ಮತ್ತೆ ನೀರಾಗುವಾಗ ಬಿಡುವ ಶಾಖವನ್ನು ಪುನಃ ಬಳಸಿಕೊಂಡೂ, ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಒತ್ತಿ ಸೋಸಿಯೂ ಈ ವೆಚ್ಚವನ್ನು ತಗ್ಗಿಸುತ್ತಾರೆ. ಆದರೂ ಶಕ್ತಿಯನ್ನು ವ್ಯಯಿಸದೆ ಉಪ್ಪುನೀರು ಸಿಹಿಯಾಗದು. ಅಂದು ನೀರಿನ ದೋಣಿಗಳನ್ನು ಕಾಯಬೇಕಾಗಿದ್ದಂತೆ, ಇಂದು ಆ ಯಂತ್ರಾಗಾರಗಳನ್ನು ಕಾಯಬೇಕಾಗಿದೆ. ಸ್ಥಾನಬಲವು ನಗರಕ್ಕೆ ಐಶ್ವರ್ಯವನ್ನು ಕೊಡಬಹುದು. ಆಯುಷ್ಯವನ್ನು ಕೊಡುವುದು ನೀರು.