ಲೆಸ್ಸರ್ ಯಾರು, ಲೆಸ್ಸೀ ಯಾರು? ಹಳೆಯ ಪತ್ರ ಓದುವ ಬಗೆ

ಹುಣಸೂರು ಪೇಟೆಯ ಮಳಿಗೆಯದೋ ಕೆ.ಆರ್. ನಗರದ ತೊಟ್ಟಿಮನೆಯದೋ ಹಳೆಯ ಇಂಗ್ಲಿಷ್ ಕರಾರು ಪತ್ರ ಬಿಚ್ಚಿದವರು ಮೊದಲ ಪುಟದಲ್ಲೇ ಎಡವುವುದು ಈ ಎರಡು ಪದಗಳಿಗೆ. ಕೊನೆಯ ಒಂದಕ್ಷರ ತಪ್ಪಿ ಓದಿದರೆ ಮಾಲೀಕನೇ ಬಾಡಿಗೆದಾರನಾಗಿಬಿಡುತ್ತಾನೆ!

ಮೊದಲು ತಲೆಬರಹ ನೋಡಿ. ಪತ್ರ ಕ್ರಯದ್ದೋ, ಗುತ್ತಿಗೆಯದೋ, ಅಡಮಾನದ್ದೋ ಎಂಬುದು ಅಲ್ಲೇ ಇರುತ್ತದೆ.

ಆಮೇಲೆ ಪದದ ಬಾಲ ಹಿಡಿಯಿರಿ. ‘ಅರ್’ ಎಂದು ಮುಗಿದರೆ ಕೊಟ್ಟವರು, ‘ಈ’ ಎಂದು ಮುಗಿದರೆ ಪಡೆದವರು. ಲೆಸ್ಸರ್ ಗುತ್ತಿಗೆ ಕೊಟ್ಟವರು, ಲೆಸ್ಸೀ ಪಡೆದವರು. ವೆಂಡರ್ ಮಾರಿದವರು, ವೆಂಡೀ ಕೊಂಡವರು. ಛಾಪಾ ಕಾಗದದ ಹಿಂಬದಿಯ ಮುದ್ರೆಯಲ್ಲಿರುವ ಸ್ಟಾಂಪ್ ವೆಂಡರ್ ಮಾತ್ರ ಬೇರೆ. ಅವರು ಮಾರಿದ್ದು ಕಾಗದವನ್ನು, ನಿಮ್ಮ ಮನೆಯನ್ನಲ್ಲ.

ನಿಜವಾದ ತೊಡಕು ಅಡಮಾನದಲ್ಲಿ. ಪಿರಿಯಾಪಟ್ಟಣದ ರೈತರೊಬ್ಬರು ಮನೆ ಅಡವಿಟ್ಟು ಸಾಲ ತಂದರು ಎನ್ನಿ. ದುಡ್ಡು ಕೊಟ್ಟದ್ದು ಸಾಹುಕಾರ, ಹಾಗಾಗಿ ಅವನೇ ಮಾರ್ಟ್‌ಗೇಜರ್ ಎಂದು ತೋರುತ್ತದೆ. ಆದರೆ ಅಲ್ಲ. ಆಸ್ತಿಯ ಮೇಲೆ ಹಕ್ಕು ಬರೆದುಕೊಟ್ಟ ರೈತ ಮಾರ್ಟ್‌ಗೇಜರ್, ಅದನ್ನು ಬರೆಸಿಕೊಂಡ ಸಾಹುಕಾರ ಮಾರ್ಟ್‌ಗೇಜೀ. ದುಡ್ಡು ಎತ್ತ ಹೋಯಿತೆಂದು ನೋಡಬೇಡಿ, ಆಸ್ತಿಯ ಹಕ್ಕು ಎತ್ತ ಹೋಯಿತೆಂದು ನೋಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ಪದಗಳನ್ನು ಬಳಸುವುದು ಇದೇ ಅರ್ಥದಲ್ಲಿ.

ಅನುಮಾನ ಉಳಿದರೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಅದರಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಬೇರೆಬೇರೆ ಕಲಂಗಳಲ್ಲಿರುತ್ತಾರೆ. ಪತ್ರದ ಷೆಡ್ಯೂಲಿನ ಚಕ್ಕುಬಂದಿಯನ್ನೂ ತಾಳೆ ನೋಡಿ.

ಪತ್ರ ಎಚ್.ಡಿ. ಕೋಟೆಯ ಕಡೆಯ ಹೊಲದ್ದಾಗಿದ್ದು, ಅದರಲ್ಲಿ ನಿಮ್ಮ ಅಜ್ಜ ಲೆಸ್ಸೀ ಆಗಿದ್ದರೆ ತಾರೀಖು ನೋಡದೆ ಮಡಚಿಡಬೇಡಿ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಫಾರಂ 7 ಹಾಕಿ ಭೂನ್ಯಾಯ ಮಂಡಳಿಯಲ್ಲಿ ಹಕ್ಕು ಕೇಳಿದ್ದು ಆಗಲೇ. ಅಜ್ಜ ಅರ್ಜಿ ಹಾಕಿದ್ದರೇ, ಮಂಡಳಿಯ ಆದೇಶ ಏನಾಯಿತು ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ನೋಡಬೇಕು. ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೂ ಆ ತಿದ್ದುಪಡಿ ನಿಷೇಧಿಸಿತು.

ಇನ್ನು, ಹೊಸದಾಗಿ ಮಳಿಗೆ ಹಿಡಿಯುವವರು ಗುತ್ತಿಗೆ ಒಂದು ವರ್ಷ ಮೀರುವುದಾದರೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಸಹಿ ಹಾಕುವ ಮುನ್ನ ನಿಮ್ಮ ಹೆಸರಿನ ಮುಂದೆ ‘ಅರ್’ ಇದೆಯೋ ‘ಈ’ ಇದೆಯೋ ಒಮ್ಮೆ ನೋಡಿಕೊಳ್ಳಿ.