‘ಯಾರೂ ಇಲ್ಲ’ ಎಂಬ ಹೆಸರಿನವನ ಕಥೆ



ಕಳೆದ ತಿಂಗಳು ದ್ವಿತೀಯ ಪಿಯುಸಿ ಕನ್ನಡ ತರಗತಿಯಲ್ಲಿ ನಾನೊಂದು ನಗೆಮಾತು ಹೇಳಿ ಸೋತೆ. ಒಬ್ಬರೂ ನಗಲಿಲ್ಲ. ಅದು ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನಿಂದ ಕೇಳುಗರನ್ನು ನಗಿಸುತ್ತ ಬಂದ ಮಾತು. ತಪ್ಪು ನಿಮ್ಮದಲ್ಲ, ನನ್ನ ಅನುವಾದದ್ದು. ಆ ಸೋಲನ್ನು ಸರಿಪಡಿಸಿದ್ದು ನಿಮ್ಮಲ್ಲೇ ಒಬ್ಬಳು. ಅಂದು ತರಗತಿಯಲ್ಲಿ ಇಲ್ಲದಿದ್ದವರಿಗೂ ಆ ಪಾಠ ತಲುಪಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆ

ಪ್ರಾಚೀನ ಗ್ರೀಕರ ಎರಡು ದೊಡ್ಡ ಕಾವ್ಯಗಳು ‘ಇಲಿಯಡ್’ ಮತ್ತು ‘ಒಡಿಸ್ಸಿ’. ಎರಡೂ ಹೋಮರನ ಹೆಸರಿನಲ್ಲಿ ಬಂದಿವೆ. ‘ಒಡಿಸ್ಸಿ’ಯಲ್ಲಿ 24 ಭಾಗಗಳಿವೆ, 12,000ಕ್ಕೂ ಹೆಚ್ಚು ಸಾಲುಗಳಿವೆ. ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಒಡಿಸ್ಯೂಸ್ ಹತ್ತು ವರ್ಷ ಸಮುದ್ರದಲ್ಲಿ ಅಲೆಯುವುದೇ ಅದರ ವಸ್ತು.

ಒಂಬತ್ತನೆಯ ಭಾಗದಲ್ಲಿ ಅವನು ಹನ್ನೆರಡು ಸಂಗಡಿಗರೊಂದಿಗೆ ಪಾಲಿಫೀಮಸ್ ಎಂಬ ಒಕ್ಕಣ್ಣ ದೈತ್ಯನ ಗುಹೆಗೆ ಹೋಗುತ್ತಾನೆ. ದೈತ್ಯ ಬಂಡೆಯಿಂದ ಬಾಗಿಲು ಮುಚ್ಚಿ, ಒಂದು ಹೊತ್ತಿಗೆ ಇಬ್ಬರಂತೆ ಆರು ಜನರನ್ನು ತಿಂದುಬಿಡುತ್ತಾನೆ. ಒಡಿಸ್ಯೂಸ್ ಅವನಿಗೆ ದ್ರಾಕ್ಷಾರಸ ಕುಡಿಸಿ, ತನ್ನ ಹೆಸರು ‘ಊತಿಸ್’ ಎಂದು ಹೇಳುತ್ತಾನೆ. ಗ್ರೀಕಿನಲ್ಲಿ ಆ ಪದಕ್ಕೆ ‘ಯಾರೂ ಇಲ್ಲ’ ಎಂದರ್ಥ. ದೈತ್ಯ ಮತ್ತಿನಲ್ಲಿ ಮಲಗಿದಾಗ ಆಲಿವ್ ಮರದ ಗೂಟವನ್ನು ಚೂಪು ಮಾಡಿ, ಬೆಂಕಿಯಲ್ಲಿ ಕಾಯಿಸಿ ಅವನ ಕಣ್ಣಿಗೆ ಚುಚ್ಚುತ್ತಾರೆ. ಅವನ ಕೂಗು ಕೇಳಿ ನೆರೆಯ ದೈತ್ಯರು ಗುಹೆಯ ಹೊರಗೆ ಬಂದು ನಿಲ್ಲುತ್ತಾರೆ. ಊತಿಸ್ ತನ್ನನ್ನು ಕೊಲ್ಲುತ್ತಿದ್ದಾನೆ ಎಂದು ಇವನು ಒಳಗಿನಿಂದ ಕಿರುಚುತ್ತಾನೆ. ಅವರಿಗೆ ಕೇಳಿಸುವುದು, ಯಾರೂ ಕೊಲ್ಲುತ್ತಿಲ್ಲ ಎಂದು! ಹಾಗಾದರೆ ಇದು ದೇವರು ಕೊಟ್ಟ ಕಾಯಿಲೆ ಇರಬೇಕು, ಪ್ರಾರ್ಥನೆ ಮಾಡು ಎಂದು ಹೇಳಿ ಹೊರಟುಹೋಗುತ್ತಾರೆ.

ಕನ್ನಡದಲ್ಲಿ ಏಕೆ ನಗು ಬರಲಿಲ್ಲ?

ನಾನು ತರಗತಿಯಲ್ಲಿ ಹೇಳಿದ ವಾಕ್ಯ ಹೀಗಿತ್ತು: “ಯಾರೂ ಇಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ.” ನೀವು ಮುಖ ಮುಖ ನೋಡಿಕೊಂಡಿರಿ. ಅದು ಕನ್ನಡವೇ ಅಲ್ಲ.

ಕಾರಣ ವ್ಯಾಕರಣದಲ್ಲಿದೆ. ಗ್ರೀಕಿನ ‘ಊತಿಸ್’ ಒಂದೇ ಪದ. ‘ಇಲ್ಲ’ ಎಂಬ ಅರ್ಥವೂ ಆ ಪದದೊಳಗೇ ಸೇರಿಕೊಂಡಿದೆ. ಕ್ರಿಯಾಪದವನ್ನು ಬದಲಿಸಬೇಕಾಗಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ಯಾರೂ’ ಎಂದರೆ ಮಾತು ಅರ್ಧಕ್ಕೆ ನಿಂತಂತೆ. ನಿಷೇಧ ಬರುವುದು ವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಜೊತೆ. ‘ಯಾರೂ ಕೊಲ್ಲುತ್ತಿಲ್ಲ’ ಎನ್ನಬೇಕು. ಆದರೆ ದೈತ್ಯ ಹೇಳಬೇಕಾದದ್ದು ‘ಕೊಲ್ಲುತ್ತಿದ್ದಾನೆ’ ಎಂದು. ಹೀಗಾಗಿ ಗ್ರೀಕಿನಲ್ಲಿ ಒಂದೇ ವಾಕ್ಯಕ್ಕೆ ಎರಡು ಅರ್ಥ ಬಂದರೆ, ನಮ್ಮಲ್ಲಿ ಎರಡು ಬೇರೆ ವಾಕ್ಯಗಳೇ ಆಗಿಬಿಡುತ್ತವೆ.

“ಇದು ಕನ್ನಡಕ್ಕೆ ಬರೋದಿಲ್ಲ ಬಿಡಿ ಸರ್” ಎಂದ ಒಬ್ಬ. ನನಗೂ ಹಾಗೇ ಅನಿಸಿತ್ತು. ಆಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿ ಕೈ ಎತ್ತಿದಳು. ಮನೆಯಲ್ಲಿ ಉರ್ದು ಮಾತನಾಡುವ ಹುಡುಗಿ. ತನ್ನ ಕನ್ನಡ ಸರಿಯಿಲ್ಲ ಎಂಬ ಸಂಕೋಚದಿಂದ ಆ ವರ್ಷ ತರಗತಿಯಲ್ಲಿ ಅವಳು ಬಾಯಿ ತೆರೆದದ್ದೇ ಕಡಿಮೆ.

“ಸರ್, ಹೊರಗಿದ್ದವರು ‘ಯಾರು?’ ಅಂತ ಕೇಳ್ಬೇಕು. ದೈತ್ಯ ಪೂರ್ತಿ ವಾಕ್ಯ ಹೇಳ್ಬಾರದು, ಹೆಸರು ಮಾತ್ರ ಹೇಳ್ಬೇಕು. ನಮ್ಮ ಮನೇಲಿ ‘ಕೌನ್?’ ಅಂತ ಕೇಳಿದ್ರೆ ‘ಕೋಯಿ ನೈ’ ಅಂತೀವಲ್ಲ, ಹಾಗೆ.”

ಮತ್ತೊಮ್ಮೆ ಹೇಳಿ ನೋಡಿದೆವು. “ನಿನ್ನನ್ನು ಕೊಲ್ಲುತ್ತಿರುವುದು ಯಾರು?” “ಯಾರೂ ಇಲ್ಲ!” ಈ ಸಲ ಇಡೀ ತರಗತಿ ನಕ್ಕಿತು. ಅರೇಬಿಕ್ ತೆಗೆದುಕೊಂಡಿರುವ ಹುಡುಗರು ‘ಲಾ ಅಹದ್’ ಎಂದು ಹೇಳಿ ನೋಡಿದರು. ಅರೇಬಿಕ್‌ನಲ್ಲಿ ಗ್ರೀಕಿನಂತೆಯೇ ಪೂರ್ತಿ ವಾಕ್ಯದಲ್ಲೂ ಅದು ಸಲೀಸಾಗಿ ಕೂರುತ್ತದೆ.

ಮೂಲದಲ್ಲಿ ನೆರೆಯವರು ‘ಯಾರು?’ ಎಂದು ಕೇಳುವುದಿಲ್ಲ; ಯಾರಾದರೂ ನಿನ್ನನ್ನು ಕೊಲ್ಲುತ್ತಿದ್ದಾರೆಯೇ ಎಂಬ ಧಾಟಿಯಲ್ಲಿ ಕೇಳುತ್ತಾರೆ. ಅಂದರೆ ಉತ್ತರವನ್ನು ಉಳಿಸಿಕೊಳ್ಳಲು ನಮ್ಮ ವಿದ್ಯಾರ್ಥಿನಿ ಪ್ರಶ್ನೆಯನ್ನು ಬದಲಾಯಿಸಿದಳು. ಪದಕ್ಕೆ ಪದ ಇಟ್ಟು ನಾನು ಕಥೆಯನ್ನು ಕಳೆದುಕೊಂಡಿದ್ದೆ. ಅವಳು ಒಂದು ಪದ ಬಿಟ್ಟುಕೊಟ್ಟು ಕಥೆಯನ್ನು ಉಳಿಸಿದಳು. ಅನುವಾದ ಎಂದರೆ ಇದೇ.

ಆದರೂ ಒಂದು ನಷ್ಟವಾಯಿತು. ನೆರೆಯವರ ಮಾತಿನಲ್ಲಿ ‘ಯಾರೂ ಇಲ್ಲ’ ಎಂಬುದಕ್ಕೆ ಗ್ರೀಕಿನ ಇನ್ನೊಂದು ರೂಪ ‘ಮೇ ತಿಸ್’ ಬರುತ್ತದೆ. ‘ಮೇತಿಸ್’ ಎಂದು ಕೂಡಿಸಿ ಹೇಳಿದರೆ ಅದಕ್ಕೆ ‘ಜಾಣತನ’ ಎಂದರ್ಥ. ನಿನ್ನನ್ನು ಯಾರೂ ಹಿಂಸಿಸುತ್ತಿಲ್ಲ ಎನ್ನುವವರ ಬಾಯಲ್ಲೇ, ಅವರಿಗೆ ಗೊತ್ತಿಲ್ಲದೆ, ಇದು ಜಾಣತನದ ಕೆಲಸ ಎಂಬ ಸತ್ಯ ಹೊರಬೀಳುತ್ತದೆ. ಈ ಎರಡನೆಯ ಶ್ಲೇಷೆಯನ್ನು ಕನ್ನಡಕ್ಕೆ ತರಲು ನಮ್ಮಿಂದ ಆಗಲಿಲ್ಲ.

ಎರಡು ಕಥೆಗಳು

ಇದೇ ದೈತ್ಯನನ್ನು ನಿಮ್ಮಲ್ಲಿ ಹಲವರು ಬೇರೆಡೆ ಕಂಡಿದ್ದೀರಿ. ‘ಸಾವಿರದ ಒಂದು ರಾತ್ರಿಗಳು’ ಸಂಕಲನದ ಸಿಂದಬಾದನ ಮೂರನೆಯ ಯಾನದಲ್ಲಿ ಅವನಿದ್ದಾನೆ. ಅಲ್ಲಿಯೂ ದೈತ್ಯ ಮನುಷ್ಯರನ್ನು ಹಿಡಿದು ತಿನ್ನುತ್ತಾನೆ, ಮಲಗಿದಾಗ ಕುರುಡಾಗುತ್ತಾನೆ, ಓಡಿಹೋಗುವವರ ಮೇಲೆ ಕಲ್ಲು ಎಸೆಯುವುದೂ ಇದೆ. ಎರಡೂ ಕಡೆ ಬದುಕಿ ಬಂದವನೇ ಕುಳಿತು ಕಥೆ ಹೇಳುತ್ತಾನೆ.

ಆದರೆ ವ್ಯತ್ಯಾಸ ನೋಡಿ. ಸಿಂದಬಾದನ ಕಥೆಯಲ್ಲಿ ಹೆಸರಿನ ಆಟ ಇಲ್ಲ. ಒಡಿಸ್ಯೂಸನಿಗೆ ಹೆಸರೇ ಸಮಸ್ಯೆ. ಪಾರಾಗಿ ಹಡಗು ಏರಿದ ಮೇಲೆ ಜಂಬದಿಂದ ತನ್ನ ನಿಜವಾದ ಹೆಸರನ್ನು ಕೂಗಿ ಹೇಳುತ್ತಾನೆ. ಅದರಿಂದ ದೈತ್ಯನ ತಂದೆ, ಕಡಲ ದೇವ ಪೊಸೈಡನನ ಕೋಪಕ್ಕೆ ಗುರಿಯಾಗುತ್ತಾನೆ. ಸಿಂದಬಾದ್ ರಾಜನಲ್ಲ, ವ್ಯಾಪಾರಿ. ತಾನು ಉಳಿದದ್ದು ದೇವರ ದಯೆ ಎಂದು ನೆನೆಯುತ್ತಾನೆ. ಕಥೆ ಕೇಳಿದ ಬಡ ಹಮಾಲಿಗೆ ಪ್ರತಿದಿನ ನೂರು ಚಿನ್ನದ ನಾಣ್ಯ ಕೊಟ್ಟು ಕಳಿಸುತ್ತಾನೆ. ದೈತ್ಯ ಒಂದೇ ಬಗೆಯವನು, ಅವನಿಂದ ಪಾರಾಗಿ ಬಂದವರು ಹೇಳುವ ಮಾತು ಬೇರೆ.

ಹೋಲಿಕೆ ಇದೆ ಎಂದ ಮಾತ್ರಕ್ಕೆ ಒಂದು ಇನ್ನೊಂದರ ನಕಲು ಎಂದು ತೀರ್ಮಾನಿಸಬೇಡಿ. ಜರ್ಮನಿಯ ವಿಲ್‌ಹೆಲ್ಮ್ ಗ್ರಿಮ್ 1857ರಲ್ಲೇ ಈ ಕಥೆಯ ಹಲವು ದೇಶಗಳ ರೂಪಗಳನ್ನು ಒಟ್ಟುಗೂಡಿಸಿ ತೋರಿಸಿದ್ದ. ತುರ್ಕರ ‘ದೆದೆ ಕೊರ್ಕುತ್’ ಕಥೆಗಳಲ್ಲೂ ಒಕ್ಕಣ್ಣ ದೈತ್ಯನಿದ್ದಾನೆ. ಜನರು ಓಡಾಡಿದ ಕಡೆಯೆಲ್ಲ ಕಥೆಗಳೂ ಓಡಾಡಿವೆ.

ಕಥೆ ದಾಟುತ್ತದೆ, ಪದ್ಯ ತಡೆಯುತ್ತದೆ

ಕಥೆ ಇಷ್ಟು ಸುಲಭವಾಗಿ ಗಡಿ ದಾಟುವಾಗ ಕಾವ್ಯ ಏಕೆ ಕಷ್ಟಪಡುತ್ತದೆ? 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮುಂತಾದವರು ಗ್ರೀಕರ ವೈದ್ಯ ಗ್ರಂಥಗಳನ್ನು ಅರೇಬಿಕ್‌ಗೆ ತಂದರು. ತತ್ವಶಾಸ್ತ್ರವೂ ಬಂತು. ಆದರೆ ಹೋಮರನ ಕಾವ್ಯಗಳು ಹಾಗೆ ಬರಲಿಲ್ಲ. ಅದೇ ಶತಮಾನದ ಬಸ್ರಾದ ಲೇಖಕ ಅಲ್-ಜಾಹಿಝ್, ಪದ್ಯವನ್ನು ಅನುವಾದಿಸಿದರೆ ಅದರ ಛಂದಸ್ಸು ಮುರಿದು ಸೊಗಸು ಹೋಗುತ್ತದೆ ಎಂದು ವಾದಿಸಿದ್ದ. ‘ಇಲಿಯಡ್’ ಅರೇಬಿಕ್ ಪದ್ಯದಲ್ಲಿ ಪುಸ್ತಕವಾಗಿ ಬಂದದ್ದು 1904ರಲ್ಲಿ, ಕೈರೋದಲ್ಲಿ. ಲೆಬನಾನಿನ ಸುಲೈಮಾನ್ ಅಲ್-ಬುಸ್ತಾನಿ ಅದನ್ನು ಅರೇಬಿಕ್‌ನದೇ ಛಂದಸ್ಸುಗಳಲ್ಲಿ ಬರೆದರು. ದೀರ್ಘ ಮುನ್ನುಡಿಯಲ್ಲಿ ಗ್ರೀಕ್ ಮತ್ತು ಅರಬ್ ಕಾವ್ಯಗಳನ್ನು ಹೋಲಿಸಿದರು.

ಕನ್ನಡದಲ್ಲೂ ಈ ಪ್ರಯತ್ನ ನಡೆದಿದೆ. ಬಿ.ಎಂ.ಶ್ರೀಯವರು ಗ್ರೀಕ್ ನಾಟಕಗಳನ್ನು ಎರಡು ರೀತಿಯಲ್ಲಿ ತಂದರು. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವನ್ನು ಮಾತ್ರ ಪರ್ಷಿಯಾದಲ್ಲೇ ಉಳಿಸಿ ‘ಪಾರಸಿಕರು’ ಎಂದು ಕರೆದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (1949) ಆರಂಭದಲ್ಲಿ ಕವಿಗಳಿಗೆ ನಮಿಸುವಾಗ ಹೋಮರನಿಗೂ ನಮಿಸುತ್ತದೆ. ಅದರ ಉದ್ದನೆಯ ಮಹೋಪಮೆಗಳಲ್ಲಿ ಹೋಮರನ ದಾರಿ ಕಾಣುತ್ತದೆ, ಕಾಡು ಮಾತ್ರ ಮಲೆನಾಡಿನದು.

ಓದು ಬಾರದ ಹಾಡುಗಾರ

ಕೊನೆಯದಾಗಿ ಒಬ್ಬರ ಪರಿಚಯ. ಇಷ್ಟು ಉದ್ದದ ಕಾವ್ಯ ಬರವಣಿಗೆ ಇಲ್ಲದೆ ಹುಟ್ಟಬಹುದೇ ಎಂದು ತಿಳಿಯಲು ಅಮೆರಿಕದ ವಿದ್ವಾಂಸ ಮಿಲ್‌ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾಕ್ಕೆ ಹೋದ. ಅಲ್ಲಿಯ ಮುಸ್ಲಿಂ ಹಾಡುಗಾರರು ರಂಜಾನ್ ತಿಂಗಳ ರಾತ್ರಿಗಳಲ್ಲಿ ಕಾಫಿ ಅಂಗಡಿಯಲ್ಲಿ ಕುಳಿತು ವೀರಕಥೆಗಳನ್ನು ಹಾಡುತ್ತಿದ್ದರು. ಅವರಲ್ಲಿ ಬಿಯೆಲೊ ಪೊಲ್ಯೆ ಎಂಬ ಊರಿನ ಅವ್ದೊ ಮೆಜೆದೊವಿಚ್ ಎಂಬವರಿದ್ದರು. ಕಸುಬಿನಿಂದ ಕಟುಕ, ಓದು ಬರಹ ಬಾರದು. 1935ರಲ್ಲಿ ಅವರು ಒಬ್ಬ ವರನ ಮದುವೆಯ ಕಥೆಯನ್ನು 12,000ಕ್ಕೂ ಹೆಚ್ಚು ಸಾಲುಗಳಲ್ಲಿ ಹೇಳಿ ಬರೆಸಿದರು. ಅದರ ಉದ್ದ ಹೆಚ್ಚುಕಡಿಮೆ ‘ಒಡಿಸ್ಸಿ’ಯಷ್ಟು. ಬಾಯಿಪಾಠದಿಂದಲ್ಲ, ಸಿದ್ಧ ನುಡಿಗಟ್ಟುಗಳನ್ನು ಹೊಂದಿಸುತ್ತ ಹಾಡುವಾಗಲೇ ಕಟ್ಟುವ ಕಲೆ ಅದು. ಹೋಮರನ ಕಾವ್ಯದ ಹಿಂದೆಯೂ ಇಂಥ ಹಾಡುಗಾರರ ಪರಂಪರೆ ಇತ್ತೆಂದು ಪ್ಯಾರಿ ತೋರಿಸಿದ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ‘ನಮ್ಮ ಅಜ್ಜಿಗೆ ಓದು ಬರಲ್ಲ ಸರ್’ ಎಂದು ತಲೆ ತಗ್ಗಿಸಿ ಹೇಳುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ತಲೆ ತಗ್ಗಿಸಬೇಡಿ. ಈ ರಜೆಯಲ್ಲಿ ಅವರ ಪಕ್ಕ ಕುಳಿತು ಒಂದು ಕಥೆ ಕೇಳಿ. ಅದು ಬ್ಯಾರಿ, ಉರ್ದು, ತುಳು, ಕೊಂಕಣಿ ಯಾವುದರಲ್ಲಾದರೂ ಇರಲಿ, ಕನ್ನಡಕ್ಕೆ ಬರೆದು ತನ್ನಿ. ಕನ್ನಡಕ್ಕೆ ಬರಲು ಒಪ್ಪದ ಪದ ಸಿಕ್ಕರೆ ಅದರ ಕೆಳಗೆ ಗೆರೆ ಎಳೆಯಿರಿ. ನಮ್ಮ ಮುಂದಿನ ಪಾಠ ಆ ಗೆರೆಗಳಿಂದ ಶುರುವಾಗುತ್ತದೆ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ಈಗಾಗಲೇ ತನ್ನ ದಾದಿಯ ಕಥೆಯನ್ನು ತಂದುಕೊಟ್ಟಿದ್ದಾಳೆ. ಅದರಲ್ಲಿ ಏಳು ಗೆರೆಗಳಿವೆ.