ಕೆಲಸದ ಮನೆಯ ಮಾತು ಗೇಟು ದಾಟದಿರಲಿ

ಅಡುಗೆಯವರು, ಡ್ರೈವರ್, ಮಗು ನೋಡಿಕೊಳ್ಳುವ ಆಯಾ, ಹೋಮ್ ನರ್ಸ್. ಮನೆಯವರ ನೆಂಟರಿಗೂ ತಿಳಿಯದ ಸಂಗತಿಗಳು ಇವರಿಗೆ ಗೊತ್ತಿರುತ್ತವೆ: ಯಾರ ಮಾತ್ರೆ ಯಾವುದಕ್ಕೆ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಯಾವ ಸೈಟು ಮಾರಾಟಕ್ಕಿದೆ. ‘ಬಾಯಿ ಬಿಗಿ ಇರಲಿ’ ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ. ಆದರೆ ಲಿಫ್ಟಿನಲ್ಲಿ ಪಕ್ಕದ ಮನೆಯವರು ನಗುನಗುತ್ತಾ ಕೇಳಿದಾಗ ಸುಮ್ಮನೆ ನಿಲ್ಲಲಾಗುವುದಿಲ್ಲ, ಏನಾದರೊಂದು ಹೇಳಲೇಬೇಕು. ಆ ‘ಏನಾದರೊಂದ’ನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಸೇರುವ ದಿನವೇ ಕೇಳಿ

ಪಗಾರ, ರಜೆ ಮಾತಾಡುವಾಗಲೇ ಇದನ್ನೂ ಕೇಳಿಬಿಡಿ: ಬೆಲ್ ಆದರೆ ಯಾರಿಗೆ ಬಾಗಿಲು ತೆಗೆಯಲಿ? ಫೋನ್ ನಾನು ಎತ್ತಬಹುದೇ? ನೆಂಟರು ವಿಚಾರಿಸಿದರೆ ಏನು ಹೇಳಲಿ? ಹೀಗೆ ಕೇಳುವವರ ಮೇಲೆ ಮನೆಯವರಿಗೆ ನಂಬಿಕೆಯೂ ಬೇಗ ಬರುತ್ತದೆ.

ಡ್ರೈವರ್‌ಗಳ ಪಾಡು ಬೇರೆಯೇ. ‘ನಿನ್ನೆ ಸಾಹೇಬ್ರು ಎಲ್ಲಿಗೆ ಹೋಗಿದ್ರು?’ ಎಂದು ಮೇಡಂ ಕೇಳಿದರೆ? ಸುಳ್ಳು ಹೇಳಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೀರಿ. ನಿಜ ಹೇಳಿದರೆ ಗಂಡ ಹೆಂಡಿರ ಜಗಳಕ್ಕೆ ನೀವೇ ಸಾಕ್ಷಿ. ‘ಅವರನ್ನೇ ಕೇಳಿಬಿಡಿ ಮೇಡಂ. ನಿಮ್ಮ ವಿಷಯ ಅವರು ಕೇಳಿದ್ರೂ ನಾನು ಇದನ್ನೇ ಹೇಳೋದು’ ಎನ್ನಿ. ಇದನ್ನು ಕೋಪ ಬಂದ ಹೊತ್ತಿನಲ್ಲಿ ಹೇಳಿದರೆ ಉದ್ಧಟತನದಂತೆ ಕೇಳಿಸುತ್ತದೆ, ಮೊದಲ ವಾರದಲ್ಲೇ ಹೇಳಿದ್ದರೆ ನಿಯಮವಾಗುತ್ತದೆ.

‘ಗೊತ್ತಿಲ್ಲ’ ಎನ್ನಬೇಡಿ

ದಿನಾ ಆ ಮನೆಯಲ್ಲಿರುವವರು ‘ಗೊತ್ತಿಲ್ಲ’ ಎಂದರೆ ಯಾರೂ ನಂಬುವುದಿಲ್ಲ, ಇನ್ನಷ್ಟು ಕೆದಕುತ್ತಾರೆ. ‘ಅಜ್ಜಿಗೆ ಏನಂತೆ, ಕ್ಯಾನ್ಸರಾ?’ ಎಂದು ಕೇಳಿದವರಿಗೆ ‘ನೀವು ವಿಚಾರಿಸಿದ್ರಿ ಅಂತ ಅಕ್ಕನಿಗೆ ಹೇಳ್ತೀನಿ’ ಎಂದು ನೋಡಿ. ನಿಜವಾದ ಕಾಳಜಿ ಇದ್ದವರು ಮನೆಗೆ ಬರುತ್ತಾರೆ, ಉಳಿದವರು ಅಲ್ಲಿಗೇ ಬಿಡುತ್ತಾರೆ. ಡಾಕ್ಟರ ಮುಂದೆ ಮಾತ್ರ ಈ ಸಂಕೋಚ ಕೂಡದು. ರಾತ್ರಿ ಬಿದ್ದದ್ದು, ಮಾತ್ರೆ ತಪ್ಪಿದ್ದು, ಎಲ್ಲವನ್ನೂ ಹೇಳಿ.

ಅಪರಿಚಿತರು ಫೋನ್ ಮಾಡಿದಾಗ ‘ಮನೇಲಿ ಯಾರೂ ಇಲ್ಲ, ಭಾನುವಾರ ಬರ್ತಾರೆ’ ಎನ್ನುವುದು ಕಳ್ಳನಿಗೆ ವಿಳಾಸ ಬರೆದುಕೊಟ್ಟಂತೆ. ‘ಈಗ ಫೋನಿಗೆ ಬರಕ್ಕಾಗಲ್ಲ, ಹೆಸರು ನಂಬರ್ ಹೇಳಿ’ ಎಂದರೆ ಸಾಕು.

ನಾಲ್ಕು ಮನೆ ಅಡುಗೆ ಮಾಡುವವರಿಗೆ

ಕೆಲಸದವರು ಚಾಡಿ ಹೇಳುತ್ತಾರೆಂದು ದೂರುವವರೇ ‘ಆ ಮನೇಲಿ ಇವತ್ತು ಏನು ಅಡುಗೆ?’ ಎಂದೂ ಕೇಳುತ್ತಾರೆ! ಪ್ರಶ್ನೆ ಚಿಕ್ಕದು, ಪರಿಣಾಮ ಚಿಕ್ಕದಲ್ಲ. ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತಿನ ಬಾಡಿಗೆ ಮನೆಗಳಿವೆ; ಅಲ್ಲಿ ಮೊಟ್ಟೆ ಬೇಯಿಸಿದ ಸುದ್ದಿ ಓನರ್ ಕಿವಿಗೆ ಬಿದ್ದರೆ ಬಾಡಿಗೆದಾರರು ಗಂಟುಮೂಟೆ ಕಟ್ಟಬೇಕಾದೀತು. ‘ನಿಮ್ಮನೆ ಅಡುಗೆ ಏನು ಅಂತಾನೂ ನಾನು ಅಲ್ಲಿ ಹೇಳಲ್ಲ ಅಕ್ಕ’ ಎಂದು ನಗುತ್ತಲೇ ಹೇಳಿ. ಹೊಸ ಮನೆಯಲ್ಲಿ ಕೆಲಸ ಕೇಳುವಾಗಲೂ ಹಳೆಯ ಮನೆ ಬಿಟ್ಟದ್ದಕ್ಕೆ ‘ದೂರ ಆಗ್ತಿತ್ತು’, ‘ಟೈಮ್ ಹೊಂದಲಿಲ್ಲ’ ಎನ್ನುವಂತಹ ಒಂದು ನಿಜವಾದ ಕಾರಣ ಸಾಕು, ಇಡೀ ಪುರಾಣ ಬೇಡ.

ಮೊಬೈಲು ನಿಮಗಿಂತ ಹೆಚ್ಚು ಮಾತಾಡುತ್ತದೆ. ನೀವು ಸ್ಟೇಟಸ್‌ಗೆ ಹಾಕಿದ ಹೋಳಿಗೆಯ ಫೋಟೊದ ಹಿಂದೆ ಬೀರು, ಮಗುವಿನ ಯೂನಿಫಾರಂ, ಡಾಕ್ಟರ ಚೀಟಿ ಇರಬಹುದು. ಕೆಲಸದ ಮನೆಯೊಳಗಿನ ಫೋಟೊ ಹಾಕಲೇಬೇಡಿ.

ಮುಚ್ಚಿಡಬಾರದ್ದು

ಮನೆಯ ಗುಟ್ಟು ಬೇರೆ, ನಿಮ್ಮ ಪಗಾರ ಬೇರೆ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ನಿಗದಿಯಾಯಿತು; ‘ನಿಂಗೆಷ್ಟು ಕೊಡ್ತಾರೆ?’ ಎಂದು ಕೆಲಸದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದನ್ನು ಚಾಡಿ ಎನ್ನಲಾಗದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ 2012ರ ಪೋಕ್ಸೊ ಕಾಯ್ದೆ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098, ಹಿರಿಯರದು 14567, ತುರ್ತಿಗೆ 112. ಕಿರುಕುಳ ನಿಮಗೇ ಆದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಮನೆಯೂ ಕೆಲಸದ ಸ್ಥಳವೇ. 3 ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬಹುದು. ‘ಮನೆ ಮಾನ ಹೋಗುತ್ತೆ’ ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಕೇಳಬೇಡಿ.

ಕೆಲಸ ಬಿಡುವಾಗ

ಕೀಯನ್ನು ಮನೆಯವರ ಕೈಗೇ ಕೊಡಿ, ಸೆಕ್ಯುರಿಟಿಯವರ ಬಳಿ ಬಿಡಬೇಡಿ. ಮನೆಯ ವಾಟ್ಸ್ಆ್ಯಪ್ ಗುಂಪಿನಿಂದ ಹೊರಬನ್ನಿ. ಔಷಧಿ, ಬಿಲ್ಲು, ಮಕ್ಕಳ ಫೋಟೊಗಳನ್ನು ಅವರೆದುರೇ ಅಳಿಸಿ. ಬಾಕಿ ಪಗಾರ ಕೈಗೆ ಬಂದ ಮೇಲೆ, ಬಂದುಹೋಗುವವರ ಲೆಕ್ಕವಿಡುವ ಗೇಟ್ ಆ್ಯಪ್‌ನ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಿ. ನಾಳೆ ಆ ಮನೆಯಲ್ಲಿ ಏನಾದರೂ ಕಾಣೆಯಾದರೆ ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇರಕೂಡದು.